ಬಲೆಗೆ ಸಿಕ್ಕಿಸಿದ ಕ್ಲಿಪ್ಪುಗಳು

ಮೇ ೧೧, ೨೦೨೫

ಅಂಗಡಿ ಖಾಲಿ ಮಾಡಿ ಆಯ್ತು. ತಮ್ಮ ಸಂಕೇತ ಕೋಡಿಬಾಗದಿಂದ ಟೆಂಪೋ ತಂದಿದ್ದ. ಕಾರವಾರ ಪೇಟೆಯಲ್ಲಿದ್ದದ್ದೆಲ್ಲ ಒಂದೇ ಸಲಕ್ಕೆ ಅವರ್ಸಾದ ಮನೆಗೆ ಬಂತು. ನನ್ನ ಹೆಸರಿನ ‘ರಂಜನಾ ಫ್ಯಾನ್ಸಿ’ ಬೋರ್ಡನ್ನೂ ಬಿಚ್ಚಿ ತಂದಿದ್ದಾನೆ. ಅದೆಂತಕೋ ಅಂದೆ. ಇರ್ಲಿ ಅಕ್ಕ, ಕೋಳಿಗೂಡಿಗೆ ಬಾಗಿಲಾಗ್ತದೆ ಅಂದ. ನಗಿಸಲಿಕ್ಕೆ ಹೇಳಿದ್ದು. ನಗೆ ಬರಲಿಲ್ಲ. ಚಾ ಮಾಡಿ ಕೊಟ್ಟೆ.

ಅತ್ತೆಯೊಬ್ಬರ ಕೈಯಲ್ಲಿ ಸುಜಯನನ್ನು ಮಗ್ಗುಲು ತಿರುಗಿಸಲಿಕ್ಕೆ ಆಗೂದಿಲ್ಲ. ನಾನು ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಬಂದರೆ ಅಷ್ಟು ಹೊತ್ತೂ ಅಂವ ಒಂದೇ ಮಗ್ಗುಲಲ್ಲಿ ಬಿದ್ದಿರಬೇಕು. ಹಾಗಾಗಿ ಅಂಗಡಿ ಬೇಡ ಅಂತ ನಾನೇ ಹೇಳಿದ್ದು. ಯಾರೂ ಒತ್ತಾಯ ಮಾಡಲಿಲ್ಲ.

ಗಂಡನ ಹೆಸರು ಹೇಳಬಾರದು ಅಂತಾರೆ ಅತ್ತೆ. ಬಾಯಲ್ಲಿ ಹೇಳಬಾರದು ಸರಿ, ಬರೆಯಲಿಕ್ಕೆ ಏನಡ್ಡಿ? ಸುಜಯ, ಸುಜಯ, ಸುಜಯ. ಬರೆದೆ. ಏನೂ ಆಗಲಿಲ್ಲ.

ಮೇ ೧೫

ಪೆಟ್ಟಿಗೆ ಬಿಚ್ಚಿದೆ. ಕ್ಲಚ್ಚು, ಟಿಕ್‌ಟಾಕ್ ಪಿನ್ನು, ಹೇರ್‌ಬ್ಯಾಂಡು, ತುರುಬಿಗೆ ಚುಚ್ಚುವ ಕಲ್ಲಿನ ಪಿನ್ನು, ಮದುಮಗಳ ಜಡೆಬಿಲ್ಲೆ, ಚಿಕ್ಕ ಮಕ್ಕಳ ಚಿಟ್ಟೆ, ಹೂವು, ಸ್ಟ್ರಾಬೆರಿ ಕ್ಲಿಪ್ಪು. ಮನೆ ತುಂಬಾ ಅದೇ. ಅತ್ತೆಯ ಮಜ್ಜಿಗೆ ಕಡೆಯುವ ಪಾತ್ರೆಯಲ್ಲೂ ಒಂದು ರಬ್ಬರ್ ಬ್ಯಾಂಡು ಸಿಕ್ಕಿತಂತೆ, ಅದಕ್ಕೊಂದು ರಾಮಾಯಣ ಆಯ್ತು.

ಅಂಗಡಿಯಲ್ಲಿ ಗಾಜಿನ ಕಪಾಟಿತ್ತು. ಇಲ್ಲಿ ಕಿಟಕಿ ತೆಗೆದರೆ ಸಮುದ್ರದ ಗಾಳಿ. ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುತ್ತದೆ, ಬಂಗಾರದ ಪಾಲಿಶು ಕಪ್ಪಾಗುತ್ತದೆ, ರಬ್ಬರು ಒಂದಕ್ಕೊಂದು ಅಂಟಿ ಹಲ್ವಾ ಆಗುತ್ತದೆ. ಇನ್ನು ಮಳೆ ಹಿಡಿದರೆ ಕೇಳೂದೇ ಬೇಡ. ಕಲ್ಲಿನವನ್ನು ಹತ್ತಿಯಲ್ಲಿ ಸುತ್ತಿ ಬಿಸ್ಕೀಟು ಡಬ್ಬಿಗೆ ಹಾಕಿ ಒಳಗೆ ಸೀಮೆಸುಣ್ಣದ ತುಂಡು ಇಟ್ಟೆ. ಸೀಮೆಸುಣ್ಣ ತೇವ ಎಳೆಯುತ್ತದೆ. ಅತ್ತೆ ಹುರಿದಕ್ಕಿ ಗಂಟು ಇಡು ಅಂದ್ರು. ಅದನ್ನೂ ಇಟ್ಟೆ. ಇರುವೆ ಬಂದರೆ ಅವರೇ ನೋಡಿಕೊಳ್ಳಲಿ.

ಸುಜಯ ನೋಡುತ್ತಿದ್ದ. ನೋಡುತ್ತಿದ್ದ ಅಂತ ನಾನು ಬರೆಯೂದು, ಅಷ್ಟೆ. ಫೆಬ್ರವರಿಯಲ್ಲಿ ಮಲ್ಲಾಪುರದಿಂದ ಕೆಲಸ ಮುಗಿಸಿ ಬರುವಾಗ ಹೈವೇ ಮೇಲೆ ಬೈಕು ಜಾರಿ ತಲೆಗೆ ಪೆಟ್ಟು ಬಿತ್ತು. ಹೋದ ತಿಂಗಳು ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಕಣ್ಣು ಬಿಡುತ್ತಾನೆ. ಗಂಜಿ ಕೊಟ್ಟರೆ ನುಂಗುತ್ತಾನೆ. ಮಾತಿಲ್ಲ. ಬಲಗೈ ಏಳೂದಿಲ್ಲ. ಯಾರು ಬಂದರೂ ಗೋಡೆ ನೋಡಿದ ಹಾಗೆ ನೋಡುತ್ತಾನೆ. ನನ್ನನ್ನೂ.

ಮೇ ೨೧

ಡಬ್ಬಿಯಲ್ಲಿಟ್ಟರೆ ಹಾಳಾಗೂದಿಲ್ಲ, ಆದರೆ ಮಾರಾಟವೂ ಆಗೂದಿಲ್ಲ. ಕಣ್ಣಿಗೆ ಕಾಣದ ಕ್ಲಿಪ್ಪನ್ನು ಯಾರೂ ಕೇಳೂದಿಲ್ಲ. ಗೋಡೆಗೆ ಹಲಗೆ ಹೊಡೆಯಬೇಕು ಅಂತಿದ್ದಾಗ ಅತ್ತೆ ಅಟ್ಟದ ಮೇಲಿಂದ ಮಾವನ ಬೀಸುಬಲೆ ಇಳಿಸಿ ಕೊಟ್ಟರು. ಮಾವ ತೀರಿಕೊಂಡ ಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ತಗೋ, ಮೀನಂತೂ ಬರೂದಿಲ್ಲ, ಗಿರಾಕಿಯಾದ್ರೂ ಬೀಳ್ಲಿ ಅಂದ್ರು.

ತೊಳೆದು ಒಣಗಿಸಿ ಹೊರಗಿನ ಕೋಣೆಯಲ್ಲಿ ಸುಜಯನ ಮಂಚದ ಪಕ್ಕದ ಗೋಡೆಗೆ ಮೊಳೆ ಹೊಡೆದೆ. ಉಳಿದ ಮೂರು ಗೋಡೆಗೂ ಮಳೆಗಾಲದಲ್ಲಿ ಒಸರು ಬರುತ್ತದೆ. ಬಲೆಯ ಕಣ್ಣಿಗೆ ಒಂದೊಂದೇ ಕ್ಲಿಪ್ಪು ಕಚ್ಚಿಸುತ್ತಾ ಹೋದೆ. ಹೊಳೆಯುವುದು ಕಣ್ಣಿನ ಮಟ್ಟಕ್ಕೆ, ದೊಡ್ಡ ಕ್ಲಚ್ಚು ಅದರ ಮೇಲೆ, ಮಕ್ಕಳದ್ದು ಎಲ್ಲಕ್ಕಿಂತ ಕೆಳಗೆ. ಮಕ್ಕಳ ಕಣ್ಣಿಗೆ ಬಿದ್ದು ಅವು ರಚ್ಚೆ ಹಿಡಿದರೆ ತಾನೇ ತಾಯಂದಿರು ಪರ್ಸು ತೆಗೆಯೂದು. ಚಿಟ್ಟೆ ಚಿಟ್ಟೆಯ ಜೊತೆ, ಹೂವು ಹೂವಿನ ಜೊತೆ, ಹಣ್ಣು ಹಣ್ಣಿನ ಜೊತೆ. ಕೆಳಗಿನ ಸಾಲು ಮಂಚದ ಮಟ್ಟಕ್ಕೆ ಬಂತು.

ಚೆಂದ ಕಾಣುತ್ತದೆ ಅಂತ ಅತ್ತೆ ಅಂದ್ರು. ಇರಬಹುದು.

ಜೂನ್ ೩

ದೇವರ ಕೋಣೆಯಲ್ಲಿ ಒಂದು ಹಳದಿ ಬಟ್ಟೆಯ ಗಂಟು ಇರೂದನ್ನು ನೋಡಿದ್ದೆ, ಕೇಳಿರಲಿಲ್ಲ. ಇವತ್ತು ಅತ್ತೆಯೇ ಬಾಯಿ ಬಿಟ್ಟರು. ಆಸ್ಪತ್ರೆಯಲ್ಲಿ ಅಂವ ಕಣ್ಣು ಬಿಡದೆ ಮಲಗಿದ್ದಾಗ ತಿರುಪತಿ ವೆಂಕಟರಮಣನಿಗೆ ಹೇಳಿಕೊಂಡು ನಾಣ್ಯ ಕಟ್ಟಿಟ್ಟಿದ್ದಂತೆ. ಮಗ ಕಣ್ಣು ಬಿಟ್ಟರೆ ಸೊಸೆ ಮುಡಿ ಕೊಡ್ತದೆ ಅಂತ.

ನನ್ನ ಮುಡಿ. ನನ್ನನ್ನು ಕೇಳದೆ.

ಹರಕೆ ಹೊತ್ತವರು ತಮ್ಮದೇ ಎಂತಾದರೂ ಕೊಡಬಹುದಿತ್ತಲ್ಲ ಅಂದೆ. ನನ್ನ ತಲೆಯಲ್ಲಿ ಎಂತ ಅದೆ, ನಾಲ್ಕು ಬಿಳಿಕೂದಲು, ದೇವ್ರಿಗೆ ಕೊಡೂದು ಅಂದ್ರೆ ಕೊಡೂ ಹಾಗಿರಬೇಕು ಅಂದ್ರು. ತುದಿಗೆ ಮೂರು ಕತ್ತರಿ ಹಾಕಿಸಿಕೊಂಡರೂ ನಡೀತದಂತೆ ಅಂದೆ. ನಾ ಹೇಳಿಕೊಂಡದ್ದು ಮುಡಿ, ತುದಿ ಅಲ್ಲ ಅಂದ್ರು.

ನನ್ನ ಕೂದಲು ಸೊಂಟದ ಕೆಳಗೆ ಬರುತ್ತದೆ. ಅಂಗಡಿಯಲ್ಲಿ ಅದೇ ನನ್ನ ಶೋಕೇಸು. ಬೆಳಿಗ್ಗೆ ಹೊಸ ಮಾಲು ತಲೆಗೆ ಹಾಕಿಕೊಂಡು ಕೂತರೆ ಮಧ್ಯಾಹ್ನದೊಳಗೆ ಗಿರಾಕಿಗಳು ಅದನ್ನೇ ಬೆರಳು ಮಾಡಿ ಕೇಳುತ್ತಿದ್ದರು. ಕಣ್ಣು ಬಿಟ್ಟದ್ದು ಸಾಲದು, ನನ್ನ ಹೆಸರು ಹಿಡಿದು ಕರೆದ ದಿನ ಕೊಡ್ತೆ, ಅಲ್ಲಿವರೆಗೆ ಇಲ್ಲ ಅಂದೆ. ದೇವ್ರ ಹತ್ರ ಚೌಕಾಶಿ ಮಾಡ್ತಿಯನೇ ಅಂದ್ರು. ಅಂಗಡಿಯವಳು ನಾನು, ಚೌಕಾಶಿ ಮಾಡದೆ ಇನ್ನೆಂತ ಮಾಡಲಿ.

ಆಮೇಲೆ ಇಬ್ಬರೂ ಸೇರಿ ಅವನನ್ನು ಮಗ್ಗುಲು ತಿರುಗಿಸಿದೆವು.

ಜೂನ್ ೧೬

ಹುಷಾರಿಲ್ಲದವನನ್ನು ನೋಡಲು ಬಂದವರು ಬಾಳೆಹಣ್ಣು ಇಟ್ಟು, ನಿಟ್ಟುಸಿರು ಬಿಟ್ಟು, ಎದ್ದು ಹೋಗುವಾಗ ಕ್ಲಿಪ್ಪು ತಗೊಂಡು ಹೋಗುತ್ತಾರೆ. ಮೊದಲು ಸಂಕೋಚದಲ್ಲೇ ಕೇಳಿದವಳು ನೆರೆಮನೆಯ ದೇವಿ. ಮೊಮ್ಮಗಳಿಗೆ ಶಾಲೆ ಶುರು ಆಯ್ತು, ಎರಡು ಕಪ್ಪು ಪಿನ್ನು ಕೊಡೇ ಅಂತ ಪಿಸುಗುಟ್ಟಿದಳು, ಕಳ್ಳಮಾಲು ಕೇಳಿದ ಹಾಗೆ. ಕೊಟ್ಟೆ. ಸುಜಯನ ತಲೆಯ ಮೇಲಿಂದ ಕೈ ಚಾಚಿ ತೆಗೆದುಕೊಟ್ಟೆ. ಹಾಗೆ ಮಾಡಬಹುದೋ ಬಾರದೋ ಗೊತ್ತಿಲ್ಲ.

ಕೆಳಗಿನ ಸಾಲಿನಲ್ಲಿ ಎರಡು ಚಿಟ್ಟೆ ಜಾಗ ಬಿಟ್ಟು ಬೇರೆಲ್ಲೋ ಇದ್ದವು. ದೇವಿಯ ಮೊಮ್ಮಗಳು ಕೈ ಹಾಕಿರಬೇಕು. ಸರಿ ಮಾಡಿದೆ.

ಜೂನ್ ೨೫

ದೇವಿಯ ಮೊಮ್ಮಗಳು ಈ ವಾರ ಬರಲೇ ಇಲ್ಲ, ಜ್ವರವಂತೆ. ಆದರೂ ಕೆಳಗಿನ ಸಾಲು ಕೆಟ್ಟಿತ್ತು. ಚಿಟ್ಟೆಯ ಪಕ್ಕ ಹಣ್ಣು, ಹಣ್ಣಿನ ಪಕ್ಕ ಹೂವು. ಕೆಂಪು, ಹಳದಿ, ನೀಲಿ, ಕಪ್ಪು. ಮತ್ತೆ ಕೆಂಪು, ಹಳದಿ, ನೀಲಿ, ಕಪ್ಪು. ಇದೆಂಥ ಚೆಂದ? ಗಿರಾಕಿಗೆ ಚಿಟ್ಟೆ ಬೇಕಂದರೆ ನಾನು ಉದ್ದಕ್ಕೂ ಹುಡುಕಬೇಕು. ಎಲ್ಲ ಕಿತ್ತು ಮೊದಲಿನ ಹಾಗೆ ಹಾಕಿದೆ.

ಅತ್ತೆಯದೇ ಕೆಲಸ. ಹೊತ್ತು ಹೋಗೂದಿಲ್ಲ, ಆಡುತ್ತಾರೆ. ಕೇಳಲಿಕ್ಕೂ ಬೇಜಾರು.

ಜುಲೈ ೫

ಕಾರವಾರದಿಂದ ನಿತಿನ ಬಂದಿದ್ದ, ಕೈಕಾಲಿಗೆ ವ್ಯಾಯಾಮ ಮಾಡಿಸುವ ಹುಡುಗ. ವಾರಕ್ಕೊಮ್ಮೆ ಬರುತ್ತಾನೆ. ಸುಜಯನ ಬಲಗೈ ಹಿಡಿದು ಬೆರಳು ಮಡಚಿಸಿದ. ಹಿಡಿತ ಬಂದಿದೆ ಅಕ್ಕ, ರಬ್ಬರ್ ಬಾಲು ಚೆನ್ನಾಗಿ ಒತ್ತಿಸ್ತಾ ಇದ್ದೀರಿ ಅಂದ. ಬಾಲು ಒಂದು ತಿಂಗಳಿಂದ ಮಂಚದ ಕೆಳಗೆ ಬಿದ್ದಿದೆ. ಒತ್ತಿಸಿದರೆ ಅಂವ ಬಿಟ್ಟುಬಿಡುತ್ತಿದ್ದ, ಬೇಸತ್ತು ನಾನೂ ಬಿಟ್ಟೆ. ಹೇಳಲಿಲ್ಲ. ಹೌದು ಅಂದೆ. ಹೊಗಳುವವರಿಗೆ ಎಂತಕೆ ಬೇಡ ಅನ್ನೂದು.

ನಾಲ್ಕು ಟಿಕ್‌ಟಾಕ್ ಪಿನ್ನು ಸುಜಯನ ಹೊದಿಕೆಯ ಅಂಚಿಗೆ ಕಚ್ಚಿಕೊಂಡಿದ್ದವು. ಬಲೆಯಿಂದ ಬಿದ್ದದ್ದಿರಬೇಕು. ತೆಗೆದಿಟ್ಟೆ.

ಜುಲೈ ೧೨

ಮಳೆ. ಬಟ್ಟೆ ಒಣಗಲಿಲ್ಲ.

ಜುಲೈ ೨೪

ಇವತ್ತು ಅತ್ತೆಯ ಜೊತೆ ಜಗಳ ಆಯ್ತು. ಆಗಬೇಕಿತ್ತು ಅಂತ ಕಾಣುತ್ತದೆ, ಅದೂ ಒಂದು ಮಾತಲ್ಲವಾ. ನಾನು ಮಿಂದು ಬರುವಷ್ಟರಲ್ಲಿ ಕೆಳಗಿನ ಸಾಲು ಮತ್ತೆ ಕೆಂಪು, ಹಳದಿ, ನೀಲಿ, ಕಪ್ಪು. ಈ ಸಲ ಮೇಲಿನ ಸಾಲಿಗೂ ಹಬ್ಬಿತ್ತು. ದಿನಾ ನಾನು ಸರಿ ಮಾಡೂದು, ದಿನಾ ನೀವು ಕೆಡಿಸೂದು, ಇದೆಂಥ ಆಟ ಅತ್ತೆ ಅಂದೆ. ಅವರಿಗೆ ಸಿಟ್ಟು ನೆತ್ತಿಗೇರಿತು. ನಿನ್ನ ಕ್ಲಿಪ್ಪನ್ನು ನಾ ಮುಟ್ಟಿದ್ರೆ ನನ್ನ ಕೈಗೆ ಹುಳ ಬೀಳ್ಲಿ ಅಂದ್ರು. ಮನೆಯಲ್ಲಿ ಮೂರೇ ಜನ, ನೀವು ಮುಟ್ಟಲಿಲ್ಲ, ನಾನು ಮುಟ್ಟಲಿಲ್ಲ, ಮತ್ತೆ ಮಾವ ಬಂದ್ರಾ ಬಲೆ ನೋಡಲಿಕ್ಕೆ ಅಂದೆ. ಅದು ಹೆಚ್ಚಾಯ್ತು. ಅತ್ತೆ ಊಟ ಮಾಡಲಿಲ್ಲ.

ಬಂಗಡೆ ಸಾರು ಮಾಡಿದ್ದೆ. ಪೂರಾ ಉಳಿಯಿತು.

ಆಗಸ್ಟ್ ೧೦

ಸಂಕೇತ ಬಂದಿದ್ದ. ಮಲ್ಲಾಪುರದಲ್ಲಿ ಶಾಲೆಯ ವ್ಯಾನು ಓಡಿಸುತ್ತಾನೆ, ಇವತ್ತು ರಜೆ. ಬಾಗಿಲಲ್ಲಿ ನಿಂತು ಬಲೆಯನ್ನೇ ನೋಡಿದ. ನಾನು ಒಳಗಿಂದ, ಅದನ್ನು ನೋಡಬೇಡ, ಇನ್ನೂ ಸರಿ ಮಾಡಿಲ್ಲ ಅಂದೆ.

ಅಂವ ಅಲ್ಲಿಂದಲೇ ಕೇಳಿದ. “ಅಕ್ಕ, ಇದನ್ನು ಭಾವ ಮಾಡ್ದನಾ?”

ಯಾವ ಭಾವ ಅಂದೆ. ನಿಜವಾಗಿಯೂ ಹಾಗೇ ಕೇಳಿದೆ.

ಕೆಂಪು, ಹಳದಿ, ನೀಲಿ, ಆಮೇಲೆ ಕಪ್ಪು, ಇದು ವಯರಿಂಗಿನ ಲೆಕ್ಕ ಅಂದ. ಮೂರು ಫೇಸು, ಒಂದು ನ್ಯೂಟ್ರಲ್. ಮದುವೆಯಾದ ಹೊಸತರಲ್ಲಿ ಸುಜಯ ಅವನನ್ನು ಮಲ್ಲಾಪುರದ ಕ್ವಾರ್ಟರ್ಸಿಗೆ ಸಹಾಯಕ್ಕೆ ಕರೆದುಕೊಂಡು ಹೋಗುತ್ತಿದ್ದ. ಬಣ್ಣ ತಪ್ಪಿಸಿದರೆ ತಲೆಗೆ ಒಂದು ಬಿಡುತ್ತಿದ್ದನಂತೆ. ಇಷ್ಟು ವರ್ಷ ಕರೆಂಟು ಕೆಲಸದವನ ಜೊತೆ ಸಂಸಾರ ಮಾಡಿದ್ದೇನೆ. ಅಂಗಿ ಜೇಬಿನಲ್ಲಿ ಆ ಬಣ್ಣದ ತುಂಡುಗಳು ದಿನಾ ಸಿಗುತ್ತಿದ್ದವು, ದಿನಾ ಬೈಯುತ್ತಿದ್ದೆ. ತಲೆಗೆ ಹೋಗಲೇ ಇಲ್ಲ.

ಅತ್ತೆಯನ್ನೂ ಕರೆದು ನಾವು ಮೂವರೂ ಒಳಗೆ ಹೋದ ಹಾಗೆ ಮಾಡಿ ಕಿಟಕಿಯಿಂದ ನೋಡಿದೆವು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಎಡಗೈಯಲ್ಲಿ ಬಲಗೈಯನ್ನು ಎತ್ತಿ ಬಲೆಯ ಹತ್ತಿರ ಇಟ್ಟ. ಬಲಗೈಯ ಎರಡು ಬೆರಳು ಒಂದು ಹಳದಿ ಹೂವನ್ನು ಒತ್ತಿದವು. ತೆಗೆದ. ಪಕ್ಕಕ್ಕೆ ಕಚ್ಚಿಸಿದ. ಬೆವರುತ್ತಿದ್ದ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಸಂಕೇತನೂ ಮೂಗು ಒರೆಸಿದ.

ನನಗೆ ಅಳು ಬರಲಿಲ್ಲ. ಸಂತೋಷ ಆಗಬೇಕಿತ್ತು, ಅದೂ ಗಟ್ಟಿಯಾಗಿ ಬರಲಿಲ್ಲ. ಎರಡು ತಿಂಗಳಿಂದ ಅಂವ ಹಾಕಿದ್ದನ್ನೆಲ್ಲ ದಿನಾ ನಾನು ಕಿತ್ತು ಹಾಕಿದ್ದು ಒಂದೇ ಕಣ್ಣ ಮುಂದೆ ಬರುತ್ತದೆ. ಅತ್ತೆಗೆ ತಪ್ಪಾಯ್ತು ಅಂದೆ. ಹೋಗ್ಲಿ ಬಿಡೇ, ನೀ ಕಿತ್ತದ್ದಕ್ಕೇ ಅಂವ ಮತ್ತೆ ಹಾಕ್ದ ಅಂದ್ರು. ನಿತಿನ ಫೋನಿನಲ್ಲಿ ಅದನ್ನೇ ಹೇಳಿದ. ಕಿತ್ತು ಕೊಡಿ ಅಕ್ಕ, ದಿನಾ ಕಿತ್ತು ಕೊಡಿ ಅಂದ.

ಹತ್ತಿರ ಹೋಗಿ ಸುಜಯಾ ಅಂದೆ, ಬಾಯಿಂದಲೇ. ಅಂವ ಕ್ಲಿಪ್ಪು ನೋಡಿದ. ನನ್ನನ್ನು ನೋಡಲಿಲ್ಲ.

ಆಗಸ್ಟ್ ೧೭

ದಿನಾ ಬೆಳಿಗ್ಗೆ ಎಲ್ಲ ಕಿತ್ತು ಬುಟ್ಟಿಗೆ ಹಾಕಿ ಎದುರಿಗೆ ಇಡುತ್ತೇನೆ. ಮಧ್ಯಾಹ್ನದೊಳಗೆ ಎರಡು ಸಾಲು ಆಗುತ್ತದೆ. ಗಿರಾಕಿಗೆ ಹುಡುಕಿ ಕೊಡೂದು ಕಷ್ಟ, ಆದರೆ ಈಗ ಯಾರೂ ಗಡಿಬಿಡಿ ಮಾಡೂದಿಲ್ಲ. ಅಂವ ಹಾಕೂದನ್ನು ನೋಡುತ್ತಾ ನಿಂತಿರುತ್ತಾರೆ. ದೇವಿಯಂತೂ ಮನೆಗೆಲಸ ಬಿಟ್ಟು ಬಂದು ಕೂರುತ್ತಾಳೆ.

ಇವತ್ತು ತಲೆಗೆ ಎಣ್ಣೆ ಹಚ್ಚಿಕೊಂಡು ಸಡಿಲ ಜಡೆ ಹಾಕಿ, ಅವನ ಮಂಚಕ್ಕೆ ಬೆನ್ನು ಕೊಟ್ಟು ಕೂತು ಸೊಪ್ಪು ಬಿಡಿಸುತ್ತಿದ್ದೆ. ಎದ್ದು ಒಳಗೆ ಹೋದಾಗ ಅತ್ತೆ ನನ್ನನ್ನೇ ನೋಡಿ ನಿಂತರು. ತಿರುಗು ಅಂದ್ರು. ಜಡೆಯ ಉದ್ದಕ್ಕೂ ಮಕ್ಕಳ ಕ್ಲಿಪ್ಪು ಕಚ್ಚಿಸಿದ್ದ. ಗೊತ್ತೇ ಆಗಿರಲಿಲ್ಲ. ದೇವಿಯೂ ಅಲ್ಲೇ ಕೂತಿದ್ದಳು, ಅವಳಿಗೂ ಮೊಣಕಾಲಿನವರೆಗೆ ಕೂದಲು. ಅವಳದ್ದನ್ನು ಮುಟ್ಟಲಿಲ್ಲ.

ತೆಗೆಯಬೇಕು ಅಂತ ಕನ್ನಡಿ ಮುಂದೆ ನಿಂತೆ. ಸಂಜೆವರೆಗೆ ಹಾಗೇ ಬಿಟ್ಟೆ. ಹಾಲಿನವನು ನೋಡಿ ನಕ್ಕ. ನಗಲಿ.

ಆಗಸ್ಟ್ ೨೬

ನಾಳೆ ಚೌತಿ. ಊರಿಗೆ ಬಂದವರೆಲ್ಲ ಮಕ್ಕಳನ್ನು ಕರೆದುಕೊಂಡು ಬಂದರು, ಕೆಳಗಿನ ಸಾಲು ಪೂರಾ ಹೋಯಿತು. ಕಾರವಾರಕ್ಕೆ ಹೋಗಿ ಹೊಸ ಮಾಲು ತಂದೆ. ಬಣ್ಣ ನೋಡಿ ತಂದೆ. ಅಂಗಡಿಯವ, ಹಸಿರು ಚೆನ್ನಾಗಿ ಓಡ್ತದೆ ತಗೊಳ್ಳಿ ಅಂದ. ಹಸಿರು ನಮ್ಮಲ್ಲಿ ಬೇಡ ಅಂದೆ. ಎಂತಕೆ ಅಂತ ಅವನಿಗೆ ಎಲ್ಲಿಂದ ಹೇಳಲಿ.

ಅತ್ತೆ ಮತ್ತೆ ಗಂಟಿನ ಮಾತು ತೆಗೆದರು. ಕಣ್ಣು ಕೊಟ್ಟ, ಕೈ ಕೊಟ್ಟ, ಇನ್ನೂ ಇಟ್ಟುಕೊಂಡರೆ ದೇವರ ಮುಡಿಪು ಸುಡ್ತದೆ ಅಂದ್ರು. ನಾನು ಮೊದಲ ಸಲ ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ.

“ಅತ್ತೆ, ನನ್ನ ಮುಖ ಅಂವಂಗೆ ಗುರುತಿಲ್ಲ. ಗುರುತಿರೂದು ಜಡೆ ಒಂದೇ. ಅದನ್ನೂ ಕೊಟ್ಟು ಬಂದ್ರೆ ನಾ ಯಾರು ಅಂವಂಗೆ?”

ಅತ್ತೆ ಮೋದಕದ ಹಿಟ್ಟು ನಾದುತ್ತಾ ಕೂತರು.

ಸೆಪ್ಟೆಂಬರ್ ೮

ಬೆಳಿಗ್ಗೆ ಗಂಜಿ ಕುಡಿಯುತ್ತಿದ್ದವನಿಗೆ ಸೆಳೆತ ಬಂತು. ಕಣ್ಣು ಮೇಲೆ ಹೋಯಿತು, ಬಾಯಲ್ಲಿ ನೊರೆ, ಮಂಚ ಅಲ್ಲಾಡಿ ಬಲೆಯ ಕ್ಲಿಪ್ಪು ಪಟಪಟ ಬಿದ್ದವು. ಅಂಕೋಲೆಗೆ ಕರೆದುಕೊಂಡು ಹೋದೆವು. ಸೂಜಿ ಹಾಕಿ ಮಲಗಿಸಿದ್ದಾರೆ. ತಲೆಗೆ ಪೆಟ್ಟು ಬಿದ್ದವರಿಗೆ ಹೀಗಾಗ್ತದೆ, ಮಾತ್ರೆ ತಪ್ಪಿಸಬೇಡಿ ಅಂದ್ರು ಡಾಕ್ಟರು. ಮಾತ್ರೆ ತಪ್ಪಿಸಿಲ್ಲ ನಾವು.

ಅತ್ತೆ ಆಸ್ಪತ್ರೆಯ ಬೆಂಚಿನ ಮೇಲೆ ಕೈ ಮುಗಿದು ಕೂತಿದ್ದರು. ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ತಿರುಗಿ ಅನ್ನಬಹುದಿತ್ತು.

ಸೆಪ್ಟೆಂಬರ್ ೧೧

ಮನೆಗೆ ತಂದೆವು. ಬಲಗೈ ಮತ್ತೆ ಹಾಸಿಗೆಗೆ ಬಿದ್ದಿದೆ. ಬುಟ್ಟಿ ಎದುರಿಗಿಟ್ಟರೆ ನೋಡೂದಿಲ್ಲ.

ತಿರುಪತಿಗೆ ಹೋಗೂದು ಅಂತ ಹೇಳಿದೆ ಅತ್ತೆಗೆ. ಸಂಕೇತ ರಜೆ ಹಾಕಿ ಇವನ ಹತ್ತಿರ ಇರುತ್ತಾನೆ. ದೇವರಿಗೆ ಹೆದರಿದೆನಾ? ಗೊತ್ತಿಲ್ಲ. ನಾನು ಕೊಡದೆ ಇದ್ದು ಅವನಿಗೆ ಇನ್ನೊಂದು ಸಲ ಹಾಗಾದರೆ ಆ ಲೆಕ್ಕ ನನ್ನ ತಲೆಯ ಮೇಲೆ ಇರುತ್ತದೆ. ಕೂದಲಿಗಿಂತ ಅದು ಭಾರ.

ಸೆಪ್ಟೆಂಬರ್ ೧೯, ತಿರುಮಲ

ಹುಬ್ಬಳ್ಳಿವರೆಗೆ ಬಸ್ಸು, ಆಮೇಲೆ ರೈಲು. ದಾರಿಯಲ್ಲಿ ಅತ್ತೆ ಅವಲಕ್ಕಿ ಕೊಟ್ಟರು, ತಿಂದೆ. ಕಲ್ಯಾಣಕಟ್ಟೆಯಲ್ಲಿ ಹೆಂಗಸರಿಗೆ ಹೆಂಗಸರೇ ಕ್ಷೌರ ಮಾಡುತ್ತಾರೆ. ನನ್ನ ಜಡೆ ನೋಡಿ ಅವಳು ತೆಲುಗಿನಲ್ಲಿ ಏನೋ ಕೇಳಿದಳು, ಪೂರ್ತಿಯಾ ಅಂತ ಇರಬೇಕು. ಪೂರ್ತಿ ಅಂದೆ. ತಲೆ ಬಗ್ಗಿಸಿ ಕೂತೆ. ನೀರು ತಣ್ಣಗಿತ್ತು. ಒಂದು ಸಲವೂ ನೋವಾಗಲಿಲ್ಲ. ಎದ್ದಾಗ ಕುತ್ತಿಗೆ ತಾನಾಗಿ ಹಿಂದೆ ಹೋಯಿತು, ಇಷ್ಟು ವರ್ಷ ಭಾರ ಹೊತ್ತದ್ದಲ್ಲವಾ.

ಅತ್ತೆ ಬಾಗಿಲ ಹತ್ತಿರ ಕಾಯುತ್ತಾರೆ ಅಂತ ತಿರುಗಿದರೆ ಅವರು ನನ್ನ ಜಾಗದಲ್ಲೇ ಕೂತಾಗಿತ್ತು. ತುರುಬು ಬಿಚ್ಚುತ್ತಿದ್ದರು. ಎಂತ ಮಾಡ್ತಿದ್ರಿ ಅತ್ತೆ ಅಂದೆ.

“ಹೇಳಿಕೊಂಡ ಬಾಯಿ ನಂದು,” ಅಂದ್ರು. “ನೀ ಒಬ್ಳೇ ಬೋಳಾಗಿ ಊರಿಗೆ ಬರೂದು ನಂಗೆ ನೋಡೂಕೆ ಆಗೂದಿಲ್ಲ.”

ನಾಲ್ಕು ಬಿಳಿಕೂದಲು ಅಲ್ಲ, ತುಂಬಾ ಇತ್ತು. ನಾನು ಅವರ ತಲೆಗೆ ಗಂಧ ಹಚ್ಚಿದೆ, ಅವರು ನನ್ನ ತಲೆಗೆ. ದರ್ಶನದಲ್ಲಿ ಏನು ಬೇಡಿಕೊಂಡೆ ನೆನಪಿಲ್ಲ. ಜನ ನೂಕಿದರು, ಮುಂದೆ ಹೋದೆವು.

ಸೆಪ್ಟೆಂಬರ್ ೨೨

ಮನೆಗೆ ಬಂದೆವು. ನನ್ನ ತಲೆಗೆ ಸ್ಕಾರ್ಫು, ಅತ್ತೆಯ ತಲೆಗೆ ಸೆರಗು. ನಾನು ಗಂಜಿಯ ಬಟ್ಟಲು ಹಿಡಿದು ಹತ್ತಿರ ಕೂತಾಗ ಸುಜಯ ಮುಖ ಗೋಡೆಗೆ ತಿರುಗಿಸಿದ. ಚಮಚ ಬಾಯಿಗೆ ಹಿಡಿದರೆ ಎಡಗೈಯಲ್ಲಿ ತಳ್ಳಿದ. ಸಂಕೇತ ಕೊಟ್ಟರೆ ಕುಡಿದ.

ನನಗೆ ಮೊದಲೇ ಗೊತ್ತಿತ್ತು.

ಸೆಪ್ಟೆಂಬರ್ ೨೩

ಇವತ್ತೂ ಹಾಗೇ.

ಸೆಪ್ಟೆಂಬರ್ ೨೯

ಸಂಕೇತ ಎಷ್ಟು ದಿನ ರಜೆ ಹಾಕುತ್ತಾನೆ, ಅಂವ ಹೋದ. ಈಗ ದೇವಿ ಬಂದು ಗಂಜಿ ಕುಡಿಸಿ ಹೋಗುತ್ತಾಳೆ. ನಾನು ಅಡಿಗೆಮನೆ ಬಾಗಿಲಲ್ಲಿ ನಿಂತು ನೋಡುತ್ತೇನೆ. ನನ್ನ ಗಂಡನಿಗೆ ಬೇರೆಯವಳು ಗಂಜಿ ಕುಡಿಸುವಾಗ ಹೊಟ್ಟೆಕಿಚ್ಚಾಯಿತು. ಎಷ್ಟೋ ತಿಂಗಳ ಮೇಲೆ ಹೀಗೆ ಚುರ್ ಅಂದದ್ದು.

ಅತ್ತೆ ದೇವರ ಕೋಣೆಗೆ ಹೋದರೆ ಹೊರಗೆ ಬರೂದೇ ಇಲ್ಲ. ತಪ್ಪು ಮಾಡಿದ್ನೇನೋ ಮಗಾ ಅಂತ ಒಮ್ಮೆ ನನ್ನನ್ನು ಕೇಳಿದರು. ಸೊಸೆ ಅಂತ ಹೇಳೂದು ಬಿಟ್ಟು ಮಗಾ ಅಂದರು. ಇಲ್ಲ ಅತ್ತೆ, ನಾನೇ ಹೋಗೂವಾ ಅಂದದ್ದಲ್ಲವಾ ಅಂದೆ. ಇಬ್ಬರೂ ಒಂದೇ ಬಟ್ಟಲಲ್ಲಿ ಚಾ ಕುಡಿದೆವು.

ಬಲೆ ಖಾಲಿ ಕಾಣುತ್ತಿತ್ತು. ಕೆಳಗಿನ ಸಾಲಿಗೆ ನಾನೇ ಕ್ಲಿಪ್ಪು ಹಾಕಿದೆ. ಕೆಂಪು, ಹಳದಿ, ನೀಲಿ, ಕಪ್ಪು. ಚಿಟ್ಟೆ ಹೂವು ಅಂತ ನೋಡಲಿಲ್ಲ. ಅಂವ ನನ್ನ ಕೈಯನ್ನು ನೋಡುತ್ತಿದ್ದ ಅನ್ನಿಸಿತು.

ಅಕ್ಟೋಬರ್ ೧

ಬೇಕೆಂದೇ ಒಂದು ಕಡೆ ಬಣ್ಣ ತಪ್ಪಿಸಿ ಹಾಕಿದೆ. ಹಳದಿಯ ಜಾಗಕ್ಕೆ ನೀಲಿ. ಬಾವಿಯಿಂದ ನೀರು ತಂದು ನೋಡಿದಾಗ ಸರಿಯಾಗಿತ್ತು. ಬಲಗೈ ಬಲೆಯ ಮೇಲೇ ಇತ್ತು. ನನ್ನನ್ನು ಕಂಡು ಮುಖ ತಿರುಗಿಸಿದ.

ತಿರುಗಿಸಲಿ. ನಾಳೆ ಎರಡು ಕಡೆ ತಪ್ಪಿಸುತ್ತೇನೆ.

ಅಕ್ಟೋಬರ್ ೫

ಅಕ್ಷರ ಸೊಟ್ಟ ಬಂದರೂ ಬರೆಯುತ್ತೇನೆ.

ಮಳೆ ಬಿಟ್ಟು ಬಿಸಿಲು ಕಾದಿತ್ತು. ದೇವಿ ಬರಲಿಲ್ಲ, ಗದ್ದೆ ಕೆಲಸ. ಬಂದದ್ದು ಬರಲಿ ಅಂತ ನಾನೇ ಗಂಜಿ ತಗೊಂಡು ಹೋದೆ. ಮುಖ ತಿರುಗಿಸಿದ. ಬಟ್ಟಲು ಕೆಳಗಿಟ್ಟು, ಹಾಸಿಗೆಯಾದರೂ ಬದಲಿಸುವಾ ಅಂತ ಅವನ ಹೆಗಲ ಕೆಳಗೆ ಕೈ ಕೊಟ್ಟು ಎತ್ತಿ ಕೂರಿಸಿದೆ. ಕೂರಿಸುವಾಗ ಅವನ ಮುಖ ನನ್ನ ಕುತ್ತಿಗೆಗೆ ಬಂತು. ಸ್ಕಾರ್ಫು ಜಾರಿ ಕೆಳಗೆ ಬಿತ್ತು, ಎತ್ತಲಿಕ್ಕೆ ಕೈ ಖಾಲಿ ಇರಲಿಲ್ಲ. ಅಂವ ಹಾಗೇ ಮೂಸಿದ ಹಾಗೆ ಇದ್ದ, ಬಿಡಲಿಲ್ಲ. ಬಲಗೈ ಮೆಲ್ಲಗೆ ನನ್ನ ಬೆನ್ನ ಮೇಲೆ ಬಂತು. ಬೆರಳು ಹುಡುಕುತ್ತಿದ್ದವು. ಸೊಂಟದ ಹತ್ತಿರ, ಬೆನ್ನ ಮೇಲೆ, ಹೆಗಲ ಮೇಲೆ. ಜಡೆ ಇರಬೇಕಾದ ಜಾಗವೆಲ್ಲ. ಕೊನೆಗೆ ತಲೆಯ ಮೇಲೆ ಬಂತು. ಚುಚ್ಚುವ ಮೊಳಕೆ ಕೂದಲಿನ ಮೇಲೆ ಅಂಗೈ ಹಿಂದೆ ಮುಂದೆ ಹೋಯಿತು.

“ಕೂದ್ಲು,” ಅಂದ.

ಅಂಗೈ ಇನ್ನೊಂದು ಸಲ ತಲೆಯ ಮೇಲೆ ಹೋಯಿತು.

“ಕೂದ್ಲೆಲ್ಲಿ?”

ಒಡಕು ದನಿ, ಆದರೆ ಅವನದೇ. ತಿರುಪತಿಗೆ ಕೊಟ್ಟೆ ಅಂದೆ. ಅಂವ ಹಿಂದೆ ಸರಿದು ನನ್ನ ಮುಖ ನೋಡಿದ. ಗೋಡೆ ನೋಡಿದ ಹಾಗೆ ಅಲ್ಲ. ಹಣೆ, ಕಣ್ಣು, ಮೂಗು, ಗಲ್ಲ, ಎಲ್ಲ ಒಂದೊಂದೇ ನೋಡಿದ. ತುಟಿ ಎರಡು ಮೂರು ಸಲ ಕೂಡಿ ಬಿಟ್ಟಿತು.

“ಮಳ್ಳಿ,” ಅಂದ.

ಪೆದ್ದಿ ಅನ್ನೂ ಅರ್ಥದಲ್ಲಿ, ಸಿಟ್ಟು ಬಂದರೂ ಮುದ್ದು ಬಂದರೂ ಅಂವ ನನ್ನನ್ನು ಕರೆಯೂದು ಹಾಗೇ, ಮದುವೆಗೆ ಮುಂಚಿನಿಂದ. ನನ್ನ ಹೊರತು ಇನ್ನೊಬ್ಬರಿಗೆ ಅಂದದ್ದಿಲ್ಲ. ನಾನು ಅತ್ತೇ ಅಂತ ಹೇಗೆ ಕೂಗಿದೆನೋ, ಪಾಪ ಅವರು ಏನೋ ಆಗಿಹೋಯಿತು ಅಂತ ಸೆರಗು ತಲೆಯಿಂದ ಬಿದ್ದದ್ದೂ ಗೊತ್ತಿಲ್ಲದೆ ಓಡಿ ಬಂದರು. ಸುಜಯ ಅವರ ಬೋಳು ತಲೆ ನೋಡಿದ, ನನ್ನ ತಲೆ ನೋಡಿದ, ಮತ್ತೆ ಅವರದ್ದು ನೋಡಿದ.

“ಆಯಿ,” ಅಂದ. “ನೀನೂ?”

ಅತ್ತೆ ನಿಂತಲ್ಲೇ ನೆಲಕ್ಕೆ ಕೂತುಬಿಟ್ಟರು. ನಾನು ಅತ್ತುಬಿಟ್ಟೆ. ಫೆಬ್ರವರಿಯಿಂದ ಅಳದೇ ಇದ್ದದ್ದೆಲ್ಲ ಒಟ್ಟಿಗೆ ಬಂತು, ಮೂಗು ಬಾಯಿ ಒಂದೂ ಬಿಡದೆ. ಸಂತೋಷಕ್ಕೆ ಎದೆ ನೋಯುತ್ತದೆ ಅಂತ ಗೊತ್ತಿರಲಿಲ್ಲ. ಅತ್ತೆ, ದೇವ್ರು ಬಾಯಿ ಕೊಟ್ಟ ದೇವ್ರು ಬಾಯಿ ಕೊಟ್ಟ ಅಂತ ಜಪ ಮಾಡಿದ ಹಾಗೆ ಹೇಳಿದ್ರು. ಕೂದಲು ಕೊಟ್ಟದ್ದು ನಾವು ಅಂತ ಹೇಳಬೇಕು ಅನ್ನಿಸಿತು. ಇರಲಿ ಅಂತ ಬಿಟ್ಟೆ. ಗಂಜಿ ತಣ್ಣಗಾಗಿತ್ತು, ಬಿಸಿ ಮಾಡಿ ತಂದೆ, ನನ್ನ ಕೈಯಿಂದಲೇ ಕುಡಿದ.

ಸಂಜೆ ಪಕ್ಕದಲ್ಲಿ ಕೂತು ನನ್ನ ಹೆಸರೇನು ಹೇಳು ಅಂದೆ. ತುಂಬಾ ಯೋಚಿಸಿದ. ಬರಲಿಲ್ಲ. ಕಣ್ಣಲ್ಲಿ ನೀರು ಬಂತು ಅವನಿಗೆ. ಬೇಡ ಬಿಡು ಅಂದೆ.

ನಾನು ಅಡಿಗೆಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅಂವ ಹೊರಗಿನ ಕೋಣೆಯಿಂದ ಮಳ್ಳೀ ಮಳ್ಳೀ ಅಂತ ಕರೆಯುತ್ತಿದ್ದಾನೆ. ಓ ಅಂದೆ.